ಆಲ್ಡ್‌ವರ್ತ್‌ನ ಬೆಲ್: ಹೋಟ್ಲು ರಾಘುಗೆ ಒಂದು ಕಾಗದ

ಪ್ರಿಯ ರಾಘು,

ಬಿಲ್ಡರ್ ವಿಷಯ ಎತ್ತಿದಾಗ ನಾನು ಫೋನಲ್ಲಿ ಹೆಚ್ಚು ಮಾತಾಡಲಿಲ್ಲ ಅಂತ ನಿನಗೆ ಬೇಜಾರಾಗಿದೆ ಅಂತ ಗೊತ್ತು. ಹಳೇ ಹೋಟ್ಲು ಕೆಡವಿ ಮೂರಂತಸ್ತು ಎಬ್ಬಿಸ್ತಾನೆ, ಕೆಳಗೆ ನಿಮಗೊಂದು ಮಳಿಗೆ ಬಿಡ್ತಾನೆ, ಜಾಯಿಂಟ್ ಡೆವಲಪ್‌ಮೆಂಟ್ ಅಂತ ಕಾಗದ ಬೇರೆ ತಂದಿದ್ದಾನೆ. ಇಂಥದ್ದಕ್ಕೆಲ್ಲ ಫೋನಲ್ಲಿ ಹೂಂ ಅಥವಾ ಊಹೂಂ ಅನ್ನೋದು ಹೇಗೆ ಮಾರಾಯ? ಅದಕ್ಕೆ ಕೂತು ಬರೀತಿದ್ದೀನಿ. ಬರೀತಿರೋದು ಮಾತ್ರ ಒಂದು ಪಬ್ಬಿನ ಬಗ್ಗೆ. ಗುಂಡಿನ ವಾಸನೆಗೇ ಮೂಗು ಮುಚ್ಚೋ ನಿನಗೆ ಪಬ್ಬಿನ ಕಥೆಯಾ ಅಂತ ನಗಬೇಡ. ಇದರಲ್ಲಿ ಬಿಯರ್‌ಗಿಂತ ಗಲ್ಲಾಪೆಟ್ಟಿಗೆ ವಿಷಯ ಜಾಸ್ತಿ ಇದೆ.

ನಾನಿರೋ ಇಂಗ್ಲೆಂಡಿನ ರೆಡಿಂಗ್‌ನಿಂದ ರೈಲು ಹತ್ತಿ ಗೋರಿಂಗ್‌ನಲ್ಲಿ ಇಳಿದು, ಥೇಮ್ಸ್ ಹೊಳೆ ದಾಟಿ ಮೂರು ಮೈಲಿಯಷ್ಟು ಏರು ಹತ್ತಿದರೆ ಆಲ್ಡ್‌ವರ್ತ್ ಅನ್ನೋ ಪುಟ್ಟ ಹಳ್ಳಿ ಸಿಗುತ್ತೆ. ಅದು ಬರ್ಕ್‌ಷೈರ್ ಸೀಮೆ, ಗುಡ್ಡವೆಲ್ಲ ಸೀಮೆಸುಣ್ಣದ್ದು. ಎಷ್ಟು ಮಳೆ ಬಿದ್ದರೂ ಆ ನೆಲ ಹೀರಿಕೊಂಡುಬಿಡುತ್ತೆ. ಹಾಗಾಗಿ ಊರಿನ ಹಳೇ ಬಾವಿ 370 ಅಡಿ ಆಳಕ್ಕೆ ಇಳಿದಿದೆ. ಈಗಿನ ಬೋರ್‌ವೆಲ್ ಲೆಕ್ಕದಲ್ಲಿ ಅದೇನು ದೊಡ್ಡದಲ್ಲ ಅಂತೀಯ. ಕೈಯಲ್ಲಿ ತೋಡಿದ ಬಾವಿ ಅದು, ನೆನಪಿರಲಿ. ಅದಕ್ಕೊಂದು ಹೆಂಚಿನ ಮಾಡು ಇದೆ, ಅದರ ಹತ್ತಿರದಲ್ಲೇ ನಾನು ಹೇಳಹೊರಟ ಪಬ್ಬು, ಬೆಲ್ ಇನ್.

ಕಟ್ಟಡದಲ್ಲಿ ಹದಿನಾಲ್ಕನೇ ಶತಮಾನದ ಭಾಗಗಳಿವೆ ಅಂತಾರೆ, ಅದು ಹಾಗಿರಲಿ. ಈ ದೇಶದಲ್ಲಿ ಹಳೇ ಕಟ್ಟಡಕ್ಕೇನೂ ಬರ ಇಲ್ಲ. ನನಗೆ ಸೋಜಿಗ ಅನ್ನಿಸಿದ್ದು ಬೇರೆ. 250 ವರ್ಷಕ್ಕೂ ಮೇಲ್ಪಟ್ಟು ಆ ಪಬ್ಬನ್ನು ಒಂದೇ ಮನೆತನ ನಡೆಸಿಕೊಂಡು ಬಂದಿದೆ. ಅಂದರೆ ನಮ್ಮ ಕಡೆ ಹೈದರಾಲಿ ಆಳ್ತಿದ್ದ ಕಾಲದಿಂದ. ಈಗಿರೋರು ಮೆಕಾಲೆ ಕುಟುಂಬ. ಹೆಸರು ಕೇಳಿದ ತಕ್ಷಣ 1835ರಲ್ಲಿ ನಮಗೆ ಇಂಗ್ಲಿಷ್ ಶಿಕ್ಷಣ ಬೇಕು ಅಂದ ಆ ಮೆಕಾಲೆ ನೆನಪಾಗಿ ನಿನ್ನ ರಕ್ತ ಕುದಿಯೋದು ಬೇಡ, ಇವರು ನಮಗೆ ಇಂಗ್ಲಿಷ್ ಕಲಿಸಿದವರಲ್ಲ. ರೊಟ್ಟಿ, ಸೂಪು, ಬಿಯರ್ ಬಿಟ್ಟು ಬೇರೇನನ್ನೂ ಯಾರ ತಲೆ ಮೇಲೂ ಹೇರಿಲ್ಲ.

ಒಳಗೆ ಕೌಂಟರೇ ಇಲ್ಲ. ಪಬ್ಬು ಅಂದರೆ ಉದ್ದನೆ ಕೌಂಟರು, ಅದರ ಮುಂದೆ ಎತ್ತರದ ಸ್ಟೂಲು ಅಂತ ನಾವೆಲ್ಲ ಸಿನಿಮಾದಲ್ಲಿ ನೋಡಿದ್ದೇವಲ್ಲ, ಅದೆಲ್ಲ ಸುಮಾರು ಇನ್ನೂರು ವರ್ಷದ ಈಚೆಗೆ ಬಂದಿದ್ದು. ಅದಕ್ಕೂ ಮುಂಚೆ ಪಬ್ಬು ಅಂದರೆ ಯಾರದೋ ಮನೆಯ ಒಂದು ಕೋಣೆ. ಪೀಪಾಯಿಯಿಂದ ಹೂಜಿಗೆ ಬಗ್ಗಿಸಿ ತಂದು ಕೊಡೋರು. ಬೆಲ್‌ನಲ್ಲಿ ಈಗಲೂ ಗಾಜಿನ ಬಾಗಿಲಿರೋ ಒಂದು ಸಣ್ಣ ಕಿಂಡಿ ಇದೆ. ನೀನು ಹೋಗಿ ಕಿಂಡಿ ಮುಂದೆ ನಿಲ್ಲಬೇಕು. ಆ ಕಡೆ ಮನೆಯವರು ಇರ್ತಾರೆ, ಅವರ ಬೆನ್ನ ಹಿಂದೆ ಪಂಪು, ಗ್ಲಾಸು, ರೊಟ್ಟಿ ಬುಟ್ಟಿ. ಎತ್ತರದವರು ಸ್ವಲ್ಪ ಬಗ್ಗಬೇಕು. ಈ ಬಗ್ಗೋದರಲ್ಲೇ ಒಂದು ಮರ್ಯಾದೆ ತಾನಾಗಿ ಬಂದುಬಿಡುತ್ತೆ. ಯಾರೂ ಅಲ್ಲಿ ಚಿಟಿಕೆ ಹೊಡೆದು ಕರೆಯೋದನ್ನ ನಾನು ನೋಡಿಲ್ಲ. ನಿಮ್ಮ ಹೋಟ್ಲಲ್ಲಿ ಅಡುಗೆಮನೆ ಕಿಂಡಿಯಿಂದ ಭಟ್ರು ಮುಖ ತೋರಿಸಿದರೆ ಸಪ್ಲೈಯರ್‌ಗಳೆಲ್ಲ ನೆಟ್ಟಗಾಗ್ತಿದ್ರಲ್ಲ, ಗಿರಾಕಿಗಳಿಗೂ ಆ ಕಿಂಡಿ ಮುಂದೆ ಹಾಗೇ ಆಗುತ್ತೆ.

ಗೋಡೆಗೆ ಮರದ ಹಲಗೆ ಹೊದಿಸಿದೆ, ಮೇಲೆ ಕಪ್ಪು ತೊಲೆಗಳು. ಹೊಗೆ ಕುಡಿದು ಹಳದಿ ತಿರುಗಿದ ಹಾಗಿರೋ ಬಣ್ಣ. ಬೆಂಚುಗಳು ನಮ್ಮ ಹೈಸ್ಕೂಲಿನವಕ್ಕಿಂತ ಗಟ್ಟಿ. ಒಂದು ಕಡೆ ಒಲೆ ಉರೀತಿರುತ್ತೆ, ಅದರ ಪಕ್ಕದ ಜಾಗಕ್ಕೆ ನಾಯಿಗಳಿಗೂ ಮುದುಕರಿಗೂ ಪೈಪೋಟಿ. ಗೋಡೆ ಮೇಲೆ ಒಂದು ಹಳೇ ಗಡಿಯಾರ ಇದೆ, ಅದಕ್ಕೆ ಒಂದೇ ಮುಳ್ಳು. ನಿಮಿಷದ ಮುಳ್ಳು ಮುರಿದು ಬಿದ್ದಿದ್ದಲ್ಲ, ಅದು ಇದ್ದಿದ್ದೇ ಹಾಗೆ. ಆಗಿನ ಹಳ್ಳಿಯವರಿಗೆ ಗಂಟೆಯ ಅಂದಾಜು ಸಿಕ್ಕರೆ ಸಾಕಿತ್ತು. ಸಂಗೀತ ಹಾಕಲ್ಲ, ಟಿವಿ ಇಲ್ಲ, ಮೊಬೈಲ್ ಹೊರಗೆ ತೆಗೆಯೋ ಹಾಗಿಲ್ಲ. ಗಂಡಸರ ಕಕ್ಕಸು ಮನೆಯಿಂದ ಹೊರಗೆ. ಜನವರಿ ರಾತ್ರಿಯಲ್ಲಿ ಅಲ್ಲಿಗೆ ಹೋಗಿಬರೋ ಕಷ್ಟವನ್ನ ಕಾಗದದಲ್ಲಿ ಬರೆಯೋದು ಬೇಡ.

ತಿನ್ನೋಕೆ ಬಿಸಿ ಬಿಸಿ ಗರಿಗರಿ ಬನ್ನು, ಅದರೊಳಗೆ ಚೀಸು, ಮಾಂಸ ಹೀಗೆ ಏನಾದರೊಂದು. ಚಳಿಗಾಲದಲ್ಲಿ ಸೂಪು. ಕೊನೆಗೊಂದು ಸಿಹಿ. ಮುಗೀತು ಮೆನು. ನಮ್ಮೂರಿನ ಹೊಸ ಹೋಟ್ಲುಗಳ ಗೋಬಿ ಮಂಚೂರಿಯಿಂದ ಹಿಡಿದು ಮಶ್ರೂಮ್ ದೋಸೆವರೆಗಿನ ಎಂಟು ಪುಟದ ಕಾರ್ಡು ನೋಡಿದಾಗೆಲ್ಲ ನನಗೆ ಬೆಲ್‌ನ ಆ ಬನ್ನು ನೆನಪಾಗುತ್ತೆ.

ಬಿಯರ್ ವಿಷಯ ಸ್ವಲ್ಪ ಹೇಳಲೇಬೇಕು, ವ್ಯಾಪಾರದ ಗುಟ್ಟು ಅಲ್ಲಿದೆ. ಇಲ್ಲಿಯವರು ರಿಯಲ್ ಏಲ್ ಅಂತ ಕರೆಯೋ ಬಿಯರ್ ಬಾಟಲಿ ಸರಕಲ್ಲ. ಪೀಪಾಯಿಯೊಳಗೆ ಯೀಸ್ಟ್ ಇನ್ನೂ ಜೀವಂತ ಇರುತ್ತೆ, ಒಳಗೇ ಹುಳಿಯೋದು ನಡೀತಿರುತ್ತೆ, ಥೇಟ್ ನಿಮ್ಮ ದೋಸೆ ಹಿಟ್ಟಿನ ಹಾಗೆ. ನೆಲಮಾಳಿಗೆಯಲ್ಲಿ 11ರಿಂದ 13 ಡಿಗ್ರಿ ಒಳಗೆ ಇಡಬೇಕು, ಕದಲಿಸದೆ ತಳ ಇಳಿಯೋಕೆ ಬಿಡಬೇಕು, ಒಮ್ಮೆ ತೆರೆದ ಮೇಲೆ ಮೂರು ದಿನದ ಆಸುಪಾಸಿನಲ್ಲಿ ಖಾಲಿಯಾಗಬೇಕು. ಇಲ್ಲದಿದ್ದರೆ ಚರಂಡಿಗೆ. ಸಾಮಾನ್ಯ ಪೀಪಾಯಿ ಒಂದರಲ್ಲಿ 72 ಪೈಂಟ್ ಇರುತ್ತೆ. ಒಂದು ಪೈಂಟ್ ಅಂದರೆ 568 ಮಿಲಿಲೀಟರ್. ಈಗ ನೀನೇ ಲೆಕ್ಕ ಹಾಕು: ಹಳ್ಳಿ ಪಬ್ಬು ಆಸೆಗೆ ಬಿದ್ದು ಹತ್ತು ಬಗೆ ಬಿಯರ್ ಇಟ್ಟರೆ ಹತ್ತೂ ಕೆಡುತ್ತೆ. ಬೆಲ್‌ನವರು ಕೆಲವನ್ನೇ ಇಡ್ತಾರೆ, ಅದೂ ಸುತ್ತಮುತ್ತಲಿನದ್ದು. ಸ್ವಿಂಡನ್ ಊರಿನ ಆರ್ಕೆಲ್ಸ್ ಅನ್ನೋ ಕಂಪನಿಯ ತ್ರೀ ಬಿ ಅನ್ನೋ ಬಿಯರ್ ಅಲ್ಲಿ ಬಹಳ ಕಾಲದಿಂದ ಇದೆ. ಆ ಕಂಪನಿಯೂ 1843ರಿಂದ ಒಂದೇ ಮನೆತನದ್ದು ಅನ್ನು.

1960ರ ದಶಕದಲ್ಲಿ ದೊಡ್ಡ ಕಂಪನಿಗಳು ಈ ಉಸಾಬರಿಯೇ ಬೇಡ ಅಂತ ಯೀಸ್ಟ್ ಕೊಂದು, ಗ್ಯಾಸ್ ತುಂಬಿದ ಬಿಯರನ್ನ ದೇಶಕ್ಕೆಲ್ಲ ಹಂಚಿದವು. ಅದರ ಮೇಲಿನ ಸಿಟ್ಟಿಗೆ 1971ರಲ್ಲಿ ಕುಡಿಯೋರೇ ಸೇರಿ ಕ್ಯಾಮ್ರಾ ಅಂತ ಒಂದು ಸಂಘ ಕಟ್ಟಿದರು. ನಗ್ಬೇಡ, ಲಕ್ಷಕ್ಕೂ ಹೆಚ್ಚು ಸದಸ್ಯರಿರೋ ಗಟ್ಟಿ ಸಂಘ ಅದು. ವರ್ಷಕ್ಕೊಂದು ಪಬ್ಬನ್ನು ಇಡೀ ದೇಶದಲ್ಲೇ ಅತ್ಯುತ್ತಮ ಅಂತ ಆರಿಸ್ತಾರೆ. ಬೆಲ್‌ಗೆ 1990ರಲ್ಲಿ ಆ ಪ್ರಶಸ್ತಿ ಬಂತು, ಮತ್ತೆ 2019ರದ್ದೂ ಬಂತು. ನಡುವಿನ ಮೂವತ್ತು ವರ್ಷದಲ್ಲಿ ಅವರು ಬದಲಾಯಿಸಿದ್ದು ಏನೂ ಕಾಣಲ್ಲ. ಎರಡನೇ ಪ್ರಶಸ್ತಿಯ ಬೆನ್ನಲ್ಲೇ ಕೊರೊನಾ. 2020ರ ಮಾರ್ಚ್ 20ರಂದು ದೇಶದ ಅಷ್ಟೂ ಪಬ್ಬು ಬಾಗಿಲು ಹಾಕಬೇಕು ಅಂತ ಪ್ರಧಾನಿ ಟಿವಿಯಲ್ಲಿ ಹೇಳಿದರು. ಎಷ್ಟೋ ಪಬ್ಬುಗಳು ಆಮೇಲೆ ತೆರೆಯಲೇ ಇಲ್ಲ. ಬೆಲ್ ತೆರೀತು.

ಯಾಕೆ ತೆರೀತು ಅನ್ನೋದೇ ನಿನಗೆ ಬೇಕಾದ ಮಾತು. ಇಲ್ಲಿಯ ಪತ್ರಿಕೆಗಳು ಇಂಥ ಪಬ್ಬಿನ ಬಗ್ಗೆ ಬರೆಯುವಾಗ ಪರಂಪರೆ, ಪ್ರೀತಿ ಅಂತೆಲ್ಲ ಬರೆದು ಕಣ್ಣೊರೆಸಿಕೊಳ್ತಾರೆ. ನಾನು ಅಂಗಡಿ ಲೆಕ್ಕ ಬರೆದು ಬೆಳೆದ ಮನೆಯವನು, ನನಗೆ ಕಾಣೋದು ಬೇರೆ. ಕಟ್ಟಡ ಅವರದ್ದು. ಜಾಗ ಅವರದ್ದು. ಬಾಡಿಗೆ ಕೇಳೋರಿಲ್ಲ, ಇಂಥವರ ಹತ್ತಿರವೇ ಬಿಯರ್ ತಗೋ ಅನ್ನೋರಿಲ್ಲ. ಫ್ರೀ ಹೌಸ್ ಅಂತಾರೆ ಇಂಥದ್ದಕ್ಕೆ.

ಇಂಗ್ಲೆಂಡಿನ ಬಹಳಷ್ಟು ಪಬ್ಬುಗಳು ಹಾಗಲ್ಲ. ಹೊರಗೆ ಬೋರ್ಡ್ ಯಾವುದೇ ಇರಲಿ, ಕಟ್ಟಡ ಬಿಯರ್ ಕಂಪನಿಯದ್ದೋ ಪಬ್ಬು ಕಂಪನಿಯದ್ದೋ ಆಗಿರುತ್ತೆ. ನಡೆಸೋನು ಗುತ್ತಿಗೆಯವನು. ಅವನು ಬಾಡಿಗೆಯನ್ನೂ ಕೊಡಬೇಕು, ಬಿಯರನ್ನೂ ಯಜಮಾನ ಕಂಪನಿಯಿಂದಲೇ ಅವರು ಹೇಳಿದ ರೇಟಿಗೆ ತಗೋಬೇಕು. ಎರಡೂ ಕಡೆ ಹಿಂಡ್ತಾರೆ. 1989ರಲ್ಲಿ ಸರ್ಕಾರ ಇದಕ್ಕೆ ಮದ್ದು ಅಂತ ಒಂದು ಆದೇಶ ತಂದು, ದೊಡ್ಡ ಕಂಪನಿಗಳ ಕೈಯಲ್ಲಿದ್ದ ಪಬ್ಬುಗಳಿಗೆ ಕಡಿವಾಣ ಹಾಕ್ತು. ಅವರು ಸಾವಿರಗಟ್ಟಲೆ ಪಬ್ಬು ಮಾರಿದರು. ಕೊಂಡಿದ್ದು ಯಾರು? ಪಬ್ಬನ್ನು ಬರೀ ಆಸ್ತಿ ಅಂತ ನೋಡೋ ಹೊಸ ಕಂಪನಿಗಳು. ಸಾಲ ಮಾಡಿ ಕೊಂಡರು, ಸಾಲ ತೀರಿಸೋಕೆ ಬಾಡಿಗೆ ಏರಿಸಿದರು, ಬಾಡಿಗೆ ಕಟ್ಟೋಕಾಗದೆ ಗುತ್ತಿಗೆಯವರು ಓಡಿಹೋದರು, ಖಾಲಿ ಬಿದ್ದ ಪಬ್ಬುಗಳು ಫ್ಲಾಟುಗಳಾದವು. ಇಡೀ ಬ್ರಿಟನ್ನಿನಲ್ಲಿ 2000ನೇ ಇಸವಿಯಲ್ಲಿ ಪಬ್ಬುಗಳು 60 ಸಾವಿರದ ಮೇಲಿದ್ದವು, ಈಗ 45 ಸಾವಿರದ ಆಸುಪಾಸು. ಸೂಪರ್ ಮಾರ್ಕೆಟ್ಟಿನ ಅಗ್ಗದ ಬಿಯರು, ತೆರಿಗೆ, ಸಿಗರೇಟು ನಿಷೇಧ ಎಲ್ಲಕ್ಕೂ ಅದರಲ್ಲಿ ಪಾಲಿದೆ, ಇಲ್ಲ ಅನ್ನಲ್ಲ. ಅಂದ ಹಾಗೆ ಇಂಗ್ಲೆಂಡಿನ ಪಬ್ಬುಗಳಲ್ಲಿ ಸಿಗರೇಟು ನಿಂತಿದ್ದು 2007ರ ಜುಲೈ 1ರಂದು. ನಮ್ಮಲ್ಲಿ ಸಾರಾಯಿ ಅಂಗಡಿಗಳು ಮುಚ್ಚಿದ್ದೂ ಅದೇ ದಿನ. ಆವತ್ತು ನಿಮ್ಮ ಹೋಟ್ಲಿನ ಪಕ್ಕದ ಸಾರಾಯಿ ಅಂಗಡಿಗೆ ಬೀಗ ಬಿದ್ದು, ನಿಮ್ಮಮ್ಮ ಎಲ್ಲರಿಗೂ ಕೇಸರಿಬಾತು ಹಂಚಿದ್ದು ನೆನಪಿದೆಯಾ?

ಹಾಗಂತ ಮೆಕಾಲೆಗಳದ್ದು ಸುಖದ ಬಾಳು ಅಂತ ನಾನು ಹೇಳ್ತಿಲ್ಲ. ಸೋಮವಾರ ರಜೆ, ಮಧ್ಯಾಹ್ನ ಊಟದ ಹೊತ್ತು ಮುಗಿದ ಮೇಲೆ ಸಂಜೆವರೆಗೆ ಬಾಗಿಲು ಹಾಕೋದು, ಇಷ್ಟೇ ಅವರಿಗೆ ಸಿಗೋ ಉಸಿರು. ಇಡೀ ದೇಶದಲ್ಲಿ 1988ರಲ್ಲೇ ದಿನವಿಡೀ ತೆರೆಯೋಕೆ ಅನುಮತಿ ಸಿಕ್ಕಿದ್ದರೂ ಅವರು ಆ ದುರಾಸೆಗೆ ಹೋಗಲಿಲ್ಲ. ಇಷ್ಟು ವರ್ಷದಲ್ಲಿ ಯಾವುದಾದರೂ ಒಂದು ತಲೆಮಾರಿನವರು ನನ್ನ ಕೈಲಾಗಲ್ಲ ಅಂದಿದ್ದರೆ ಕಥೆ ಮುಗೀತಿತ್ತು. ನಿನ್ನ ಮಗಳು ಬೆಂಗಳೂರು ಬಿಟ್ಟು ಬಂದು ಗಲ್ಲಾದ ಮೇಲೆ ಕೂರಲ್ಲ ಅನ್ನೋದು ನನಗೂ ಗೊತ್ತು, ಕೂರು ಅನ್ನೋಕೆ ನಮಗೆ ಹಕ್ಕೂ ಇಲ್ಲ. ನಾವಿಬ್ಬರೂ ಯಾರ ಮಾತು ಕೇಳಿದ್ವಿ?

ಹಾಗಾಗಿ ಮಾರಬೇಡ, ಕೆಡವಬೇಡ ಅಂತ ನಾನು ಹೇಳಲ್ಲ. ಸೋರೋ ಮಾಡಿನ ಕೆಳಗೆ ಬಕೆಟ್ ಇಡೋನು ನೀನು. ಆದರೆ ಆ ಕಾಗದದಲ್ಲಿ ಜಾಗದ ಪಾಲು ಯಾರ ಹೆಸರಿಗೆ ಎಷ್ಟು ಹೋಗುತ್ತೆ ಅಂತ ಮೊದಲು ನೋಡು. ಮಳಿಗೆ ಬಿಡ್ತಾನೆ ಅಂದರೆ ಕೊಡ್ತಾನೋ, ಬಾಡಿಗೆಗೆ ಬಿಡ್ತಾನೋ? ಬಾಡಿಗೆಗಾದರೆ ಇಲ್ಲಿಯ ಗುತ್ತಿಗೆಯವರ ಪಾಡೇ ನಿನ್ನದೂ ಆಗುತ್ತೆ. ನಿಮ್ಮ ದೊಡ್ಡಪ್ಪನ ಮಗ ಸಹಿ ಹಾಕಿ ಅಂತ ಅವಸರ ಮಾಡ್ತಿದ್ದಾನೆ ಅಂದೆಯಲ್ಲ, ಅವನಿಗೆ ಎಷ್ಟು ಬರುತ್ತೆ ಅನ್ನೋದನ್ನೂ ಕೇಳು.

ಆಲ್ಡ್‌ವರ್ತ್‌ನ ಇನ್ನೆರಡು ಸಂಗತಿ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಪಬ್ಬಿನಿಂದ ಸ್ವಲ್ಪ ದೂರ ನಡೆದರೆ ಸೇಂಟ್ ಮೇರಿ ಚರ್ಚು. ಅದರೊಳಗೆ ಡೆ ಲಾ ಬೆಚ್ ಅನ್ನೋ ಪಾಳೆಯಗಾರ ಮನೆತನದ ಒಂಬತ್ತು ಕಲ್ಲಿನ ವಿಗ್ರಹಗಳು ಮಲಗಿವೆ, ಹದಿನಾಲ್ಕನೇ ಶತಮಾನದವು. ಆಳೆತ್ತರಕ್ಕಿಂತ ದೊಡ್ಡವು, ಹಾಗಾಗಿ ಊರವರಿಗೆ ಅವು ದೈತ್ಯರು. ಹದಿನೇಳನೇ ಶತಮಾನದ ಇಂಗ್ಲೆಂಡಿನ ಅಂತರ್ಯುದ್ಧದ ಕಾಲದಲ್ಲಿ ಒಡೆದು ಮೂಗು, ಕೈಕಾಲು ಹೋಗಿವೆ. ಊರವರು ಅವುಗಳಿಗೆ ಉದ್ದನೆ ಜಾನ್, ಬಲಶಾಲಿ ಜಾನ್, ಎಂದೂ ಹೆದರದ ಜಾನ್ ಅಂತ ಹೆಸರಿಟ್ಟಿದ್ದಾರೆ. ಸದಾ ಹೆದರೋ ಜಾನ್ ಅಂತ ಇನ್ನೊಬ್ಬನಿದ್ದ. ಅವನು ಸೈತಾನನ ಜೊತೆ ಕರಾರು ಮಾಡಿಕೊಂಡಿದ್ದನಂತೆ: ಸತ್ತ ಮೇಲೆ ಚರ್ಚಿನ ಒಳಗೆ ಹೂಳಿದರೂ ಸರಿ, ಹೊರಗೆ ಹೂಳಿದರೂ ಸರಿ, ಆತ್ಮ ಸೈತಾನನದ್ದು. ಸಾಯೋ ಮುಂಚೆ ಉಪಾಯ ಮಾಡಿ ತನ್ನನ್ನ ಚರ್ಚಿನ ಗೋಡೆಯಲ್ಲಿ ಹೂಳಿಸಿಕೊಂಡನಂತೆ! ಒಳಗೂ ಅಲ್ಲ, ಹೊರಗೂ ಅಲ್ಲ. ನರಸಿಂಹನ ಹೊಸ್ತಿಲು ನೋಡಿ ಬೆಳೆದ ನಮಗೆ ಇದೇನೂ ಹೊಸದಲ್ಲ, ಆದರೆ ನಿನ್ನ ವಕೀಲನಿಗೆ ಈ ಕಥೆ ಹೇಳು, ಕರಾರು ಓದೋದು ಹೀಗೆ ಅಂತ. ಮೊದಲನೇ ಮಹಾಯುದ್ಧದಲ್ಲಿ ಸತ್ತವರ ಬಗ್ಗೆ ಬರೆದ ಲಾರೆನ್ಸ್ ಬಿನ್ಯನ್ ಕವಿಯ ಚಿತಾಭಸ್ಮ ಸೇರಿದ್ದೂ ಇದೇ ಚರ್ಚಿನ ಅಂಗಳಕ್ಕೆ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೆಲಸ ಮಾಡ್ತಿದ್ದ ಆತ ಮೊಘಲರ ಚಿತ್ರಕಲೆ ಬಗ್ಗೆಯೂ ತುಂಬ ಬರೆದವನು.

ಇನ್ನೊಂದು, ಕ್ರಿಸ್‌ಮಸ್ ಹೊತ್ತಿಗೆ ಆ ಬಾವಿ ಪಕ್ಕದ ರಸ್ತೆಯಲ್ಲೇ ಊರವರು ಮಮ್ಮರ್ಸ್ ಅನ್ನೋ ಬಯಲಾಟ ಆಡ್ತಾರೆ. ಕಥೆ ಅಂದರೆ ಇಬ್ಬರು ವೀರರು ಬಡಿದಾಡಿ ಒಬ್ಬ ಸಾಯ್ತಾನೆ, ಒಬ್ಬ ಢೋಂಗಿ ಡಾಕ್ಟರು ಬಂದು ಔಷಧಿ ಕುಡಿಸಿ ಎಬ್ಬಿಸ್ತಾನೆ. ಆಟ ಮುಗಿದ ಮೇಲೆ ಹೂಜಿಯಲ್ಲಿ ಪಂಚ್ ಅನ್ನೋ ಬಿಸಿ ಪಾನೀಯ ಹಂಚ್ತಾರೆ. ಈ ಸಲ ಅದನ್ನ ನೋಡಲೇಬೇಕು ಅಂತಿದ್ದೀನಿ, ಹಾಗಾಗಿ ಡಿಸೆಂಬರಿನಲ್ಲಿ ಊರಿಗೆ ಬರಲ್ಲ. ಸಂಕ್ರಾಂತಿಗೆ ಬರ್ತೀನಿ. ಅಲ್ಲಿವರೆಗೆ ಯಾವುದಕ್ಕೂ ಸಹಿ ಹಾಕಬೇಡ. ಕಾಗದದ ಅಷ್ಟೂ ಪುಟದ ಫೋಟೋ ತೆಗೆದು ವಾಟ್ಸ್ಆ್ಯಪ್ ಮಾಡು, ಹಿಂಬದಿಯಲ್ಲಿ ಏನಾದರೂ ಬರೆದಿದ್ದರೆ ಅದನ್ನೂ.

ಅಪ್ಪನ ಮಂಡಿನೋವು ಹೇಗಿದೆ? ಅಮ್ಮನಿಗೆ ನಮಸ್ಕಾರ ಹೇಳು. ಬರುವಾಗ ನಿನಗೇನು ತರಲಿ ಅಂತ ಬರಿ, ಚಾಕಲೇಟು ಅನ್ನಬೇಡ.

ನಿನ್ನ,
ಚಂದ್ರು