ತೀರ್ಮಾನ ಅವರದು, ಬಿಲ್ಲು ನಮ್ಮದು

ಮಾನ್ಯ ಸಂಪಾದಕರೇ,

ಕಳೆದ ವರ್ಷ ಬೆಂಗಳೂರಿನಲ್ಲಿ ಒಂದು ಹಳೇ ಫ್ಲ್ಯಾಟ್ ಕೊಂಡೆವು. ಹಾಲುಕ್ಕಿಸಿ ಇನ್ನೂ ಹತ್ತು ದಿನ ಆಗಿರಲಿಲ್ಲ, ಅಸೋಸಿಯೇಷನ್‌ನಿಂದ ಚೀಟಿ ಬಂತು. ಲಿಫ್ಟ್ ಬದಲಾಯಿಸಲು, ಹೊರಗೋಡೆಗೆ ಪೇಂಟ್ ಹೊಡೆಸಲು ನಮ್ಮ ಪಾಲು 85 ಸಾವಿರ ರೂಪಾಯಿ! ವಿಚಾರಿಸಿದರೆ ಈ ತೀರ್ಮಾನ ಆಗಿದ್ದು ನಾವು ಅಡ್ವಾನ್ಸ್ ಕೊಡುವ ಮೊದಲೇ. ಮಾರಿದವರೂ ಆ ಸಭೆಯಲ್ಲಿ ಕೂತು ಕೈ ಎತ್ತಿದ್ದರಂತೆ. ಫೋನ್ ಮಾಡಿದ್ದಕ್ಕೆ, "ಹೊಸ ಲಿಫ್ಟ್‌ನಲ್ಲಿ ಓಡಾಡೋರು ನೀವು ತಾನೆ?" ಅಂದರು.

ನಾವೇನು ಸುಮ್ನೆ ಕಣ್ಣುಮುಚ್ಚಿಕೊಂಡು ಕೊಂಡಿರಲಿಲ್ಲ. ಇಸಿ (ಋಣಭಾರ ಪತ್ರ), ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ), ಕಂದಾಯದ ರಸೀದಿ, ಕರೆಂಟ್ ಬಿಲ್ ಎಲ್ಲವನ್ನೂ ನೋಡಿದ್ದೆವು. ಆದರೆ ಇಸಿಯಲ್ಲಿ ಸಿಗುವುದು ನೋಂದಣಿಯಾದ ಮಾರಾಟ, ಅಡಮಾನ ಇಂಥವು ಮಾತ್ರ, ಅಸೋಸಿಯೇಷನ್ ಲೆಕ್ಕ ಅದರಲ್ಲಿ ಎಲ್ಲಿ ಬರಬೇಕು? ನೋ ಡ್ಯೂಸ್ ಪತ್ರವನ್ನೂ ಕೊಟ್ಟಿದ್ದರು. ಅದರಲ್ಲಿ ತಿಂಗಳ ಮೇಂಟೆನೆನ್ಸ್ ಬಾಕಿ ಇಲ್ಲ ಅಂತಷ್ಟೇ ಇತ್ತು.

ಕಂದಾಯದಂಥ ಬಾಕಿಗೆ ಕಾನೂನು ಸ್ಪಷ್ಟವಾಗಿದೆ. ಬೇರೆ ಕರಾರು ಇಲ್ಲದಿದ್ದರೆ ಮಾರಾಟದ ದಿನದವರೆಗಿನದು ಮಾರಿದವರದು, ಆಮೇಲಿನದು ಕೊಂಡವರದು ಎನ್ನುತ್ತದೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್. ಅಪಾರ್ಟ್‌ಮೆಂಟಿನ ಕಥೆಯೇ ಬೇರೆ. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ, ಹಳೇ ಮಾಲೀಕರು ಉಳಿಸಿಹೋದ ಸಾಮಾನ್ಯ ಖರ್ಚಿನ ಬಾಕಿಗೆ ಕೊಂಡವರೂ ಜೊತೆಗೆ ಹೊಣೆ. ಮೊದಲು ಕಟ್ಟಿ ಆಮೇಲೆ ಅವರಿಂದ ವಸೂಲಿ ಮಾಡಿಕೊಳ್ಳಬೇಕು (ಮಾಡಿಕೊಂಡವರನ್ನು ನಾನಂತೂ ನೋಡಿಲ್ಲ). ಬಾಕಿ ಎಷ್ಟಿದೆ ಬರೆದುಕೊಡಿ ಎಂದು ಕೊಳ್ಳುವವರು ಅಸೋಸಿಯೇಷನ್‌ಗೆ ಕೇಳಬಹುದು, ಆ ಹಕ್ಕನ್ನೂ ಅದೇ ಕಾಯ್ದೆ ಕೊಟ್ಟಿದೆ. ಇದು ಎಷ್ಟು ಜನಕ್ಕೆ ಗೊತ್ತು?

ನಮ್ಮದು ಇವೆರಡರ ನಡುವೆ ಸಿಕ್ಕಿಕೊಂಡಿತು. ಖರ್ಚು ಪಾಸಾಗಿತ್ತು, ಬಿಲ್ ಬಂದಿರಲಿಲ್ಲ. ಬಿಲ್ಲೇ ಬಾರದ್ದನ್ನು ಬಾಕಿ ಅನ್ನುವುದು ಹೇಗೆ ಅಂತ ಸೆಕ್ರೆಟರಿಯವರು ನಮ್ಮನ್ನೇ ಕೇಳಿದರು. ಕೊನೆಗೆ ಜಗಳ ಬೇಡವೆಂದು ಪೂರ್ತಿ ನಾವೇ ಕಟ್ಟಿದೆವು. ಬ್ರೋಕರ್ ಆಗಲಿ, ಕಾಗದ ನೋಡಿದ ವಕೀಲರಾಗಲಿ, ಕಳೆದ ಒಂದೆರಡು ಸಭೆಗಳ ನಡಾವಳಿ ತರಿಸಿ ಓದಿ ಅಂತ ಒಂದು ಮಾತು ಹೇಳಿದ್ದರೆ ಅಗ್ರಿಮೆಂಟಿನಲ್ಲೇ ಬರೆಸಿಕೊಂಡು ಆ ಹಣವನ್ನು ಬೆಲೆಯಲ್ಲಿ ಕಳೆಯಬಹುದಿತ್ತು, ಅಲ್ವಾ?

ನೋ ಡ್ಯೂಸ್ ಪತ್ರದಲ್ಲಿ ಈಗಾಗಲೇ ಪಾಸಾಗಿರುವ, ಇನ್ನೂ ಬಿಲ್ ಮಾಡದ ಖರ್ಚನ್ನೂ ಬರೆಯುವುದು ಕಡ್ಡಾಯವಾಗಲಿ. ನೋಂದಣಿ ಸಮಯದಲ್ಲಿ ಇ-ಖಾತಾ ಕೇಳುವ ಸಬ್ ರಿಜಿಸ್ಟ್ರಾರ್ ಕಚೇರಿ ಇದನ್ನೂ ಕೇಳಲಿ.

– ಫ್ಲ್ಯಾಟ್ ಕೊಂಡ ಓದುಗ, ಬೆಂಗಳೂರು