ಫಿಲ್ಟರ್ ಡಬ್ಬಿ ನೋಡಿ, ಬಿಲ್ಲಿನಲ್ಲಿ ನಂಬರ್ ಬರೆಸಿ

ಮಾನ್ಯ ಸಂಪಾದಕರೇ,

ಕಾರಿನ ಸರ್ವಿಸ್ ಖರ್ಚಿನ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಓದುಗರ ಪತ್ರಗಳನ್ನು ನೋಡಿದೆ. ಎಂಜಿನ್ ಆಯಿಲಿನ ಕೊಳೆ ಸೋಸುವ ಆಯಿಲ್ ಫಿಲ್ಟರನ್ನು ಕಾರು ಕಂಪನಿಯದ್ದೇ ಹಾಕಿಸಿ, ಹೊರಗಿನದ್ದು ಮುಟ್ಟಲೇಬೇಡಿ ಎಂದು ಒಬ್ಬರು ಬರೆದಿದ್ದಾರೆ. ಇನ್ನೊಬ್ಬರು ಎಲ್ಲಾ ಒಂದೇ, ಕಮ್ಮಿ ರೇಟಿನದ್ದು ಸಾಕು ಎಂದಿದ್ದಾರೆ. ನಾನು ಹಾಸನದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ನಡೆಸುವವನು. ಎರಡೂ ಥರದ ಫಿಲ್ಟರ್ ನನ್ನ ರ್‍ಯಾಕಿನಲ್ಲಿವೆ, ಎರಡರಲ್ಲೂ ನನಗೆ ನಾಲ್ಕು ಕಾಸು ಉಳಿಯುತ್ತದೆ. ಆ ಇಬ್ಬರೂ ಒಂದು ಮುಖ್ಯ ವಿಷಯ ಬಿಟ್ಟಿದ್ದಾರೆ. ಅದಕ್ಕೇ ಈ ಪತ್ರ.

ನಮ್ಮ ಕಡೆ ಟೊಯೊಟಾ ಗಾಡಿಗಳು ಜಾಸ್ತಿ. 2000ದಲ್ಲಿ ಕ್ವಾಲಿಸ್ ಬಂತು, 2005ರಲ್ಲಿ ಇನ್ನೋವಾ, 2010ರ ಕೊನೆಗೆ ಎಟಿಯೋಸ್. ಶಿರಾಡಿ ಘಾಟಿ ಹತ್ತಿ ಇಳಿಯುವ ಟ್ಯಾಕ್ಸಿಯವರು, ಸಕಲೇಶಪುರದ ತೋಟದವರು ಎಲ್ಲರೂ ಇವನ್ನೇ ಇಟ್ಟುಕೊಂಡಿದ್ದಾರೆ. ಕೌಂಟರಿಗೆ ಬಂದು ‘ಅಣ್ಣಾ, ಜಪಾನ್ ಫಿಲ್ಟರೇ ಕೊಡಿ’ ಅನ್ನುತ್ತಾರೆ. ಗಾಡಿಯೇ ಬಿಡದಿಯಲ್ಲಿ ತಯಾರಾದದ್ದು ಅಲ್ವಾ? ಕಾರು ಕಂಪನಿಗಳು ಸಾಮಾನ್ಯವಾಗಿ ಫಿಲ್ಟರನ್ನು ತಾವೇ ಮಾಡುವುದಿಲ್ಲ. ಬಿಡಿಭಾಗ ಮಾಡುವವರಿಂದ ತಮ್ಮ ಅಳತೆಗೆ ಮಾಡಿಸಿಕೊಂಡು ತಮ್ಮ ಡಬ್ಬಿಯಲ್ಲಿ ಮಾರುತ್ತವೆ. 1949ರಲ್ಲಿ ಟೊಯೊಟಾದಿಂದಲೇ ಬೇರೆಯಾಗಿ ಹುಟ್ಟಿದ ಡೆನ್ಸೊ ಅಂಥ ಒಂದು ಕಂಪನಿ. ಹಾಗಾಗಿ ಡಬ್ಬಿಯ ಮೇಲೆ ಯಾವ ದೇಶದ ಹೆಸರಿದೆ ಅನ್ನುವುದಕ್ಕಿಂತ, ಆ ಫಿಲ್ಟರ್ ನಿಮ್ಮ ಎಂಜಿನ್ನಿನ ಅಳತೆಗೆ ಮಾಡಿದ್ದಾ ಅನ್ನುವುದು ಮುಖ್ಯ.

ಕಂಪನಿ ಫಿಲ್ಟರ್ ಒಂದು. ಬಾಷ್, ಪ್ಯೂರೊಲೇಟರ್, ಎಲೋಫಿಕ್ ಥರ ತಮ್ಮದೇ ಹೆಸರು ಹಾಕಿ ಮಾರುವವರ ಫಿಲ್ಟರ್ ಇನ್ನೊಂದು. ಜನ ಇವೆರಡರ ನಡುವೆಯೇ ಗುದ್ದಾಡುತ್ತಾರೆ. ಮಾರುಕಟ್ಟೆಯಲ್ಲಿ ಮೂರನೆಯದೂ ಇದೆ. ಅದು ಕಂಪನಿಯ ಡಬ್ಬಿಯಲ್ಲೇ ಬರುವ ನಕಲಿ ಮಾಲು. ಎಂಜಿನ್ ಹಾಳು ಮಾಡುವುದು ಈ ಮೂರನೆಯದು.

ಕಳೆದ ಚಳಿಗಾಲದಲ್ಲಿ ಆಲೂರು ಕಡೆಯ ಮೇಷ್ಟ್ರೊಬ್ಬರು ತಮ್ಮ ಪೆಟ್ರೋಲ್ ಎಟಿಯೋಸ್ ತಂದಿದ್ದರು. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎರಡು ಮೂರು ಸೆಕೆಂಡ್ ಕಟಕಟ ಸದ್ದು, ಆಮೇಲೆ ಎಲ್ಲ ಸರಿ. ಆಯಿಲ್ ಬದಲಿಸಿ ಇನ್ನೂ ತಿಂಗಳಾಗಿರಲಿಲ್ಲ. ಬೇರೆ ಊರಿನ ಒಂದು ಅಂಗಡಿಯಿಂದ ‘ಒರಿಜಿನಲ್’ ಫಿಲ್ಟರ್ ತಂದು ಹಾಕಿಸಿದ್ದರು. ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ ಅದನ್ನು ಬಿಚ್ಚಿದರು. ಡೀಲರ್ ಬಿಲ್ ಇದ್ದ ಒಂದು ಕಂಪನಿ ಫಿಲ್ಟರನ್ನು ನಾನು ಕೊಟ್ಟೆ. ಎರಡನ್ನೂ ವೈಸಿಗೆ ಕಟ್ಟಿ ಆ್ಯಕ್ಸಾ ಬ್ಲೇಡಿನಲ್ಲಿ ಕೊಯ್ದೆವು.

ಕಂಪನಿಯದ್ದರಲ್ಲಿ ಕಾಗದದ ಮಡಿಕೆಗಳು ಒತ್ತೊತ್ತಾಗಿ, ಒಂದೇ ಸಮನಾಗಿದ್ದವು. ಬಿಚ್ಚಿ ಹಾಸಿದರೆ ಕೌಂಟರಿನ ಉದ್ದಕ್ಕೂ ಬಂತು. ನಕಲಿಯದ್ದು ಅದರ ಅರ್ಧವೂ ಇರಲಿಲ್ಲ. ಕಾಗದದ ಎರಡು ತುದಿ ಕೂಡುವ ಕಡೆ ಅಂಟು ಬಿಟ್ಟಿತ್ತು, ಬೆರಳಿನ ಉಗುರು ತೂರುವಷ್ಟು ಸಂದು. ಅಷ್ಟಿದ್ದರೆ ಆಯಿಲ್ ಕಾಗದದೊಳಗೆ ಯಾಕೆ ಹೋಗುತ್ತದೆ? ಸಂದಿನಲ್ಲಿ ಕೊಳೆ ಸಮೇತ ನುಗ್ಗಿ ಬೇರಿಂಗಿಗೆ ಹೋಗುತ್ತದೆ. ಮೇಲೆ ಆಯಿಲ್ ಒಳಬರುವ ತೂತುಗಳನ್ನು ಮುಚ್ಚುವ ರಬ್ಬರ್ ಇರುತ್ತದಲ್ಲ, ಕಂಪನಿಯದ್ದರಲ್ಲಿ ಅದು ಮೆತ್ತಗಿತ್ತು, ಒತ್ತಿದರೆ ಮತ್ತೆ ತನ್ನ ಜಾಗಕ್ಕೆ ಬರುತ್ತಿತ್ತು. ನಕಲಿಯದ್ದು ಸೆಟೆದು ನಿಂತಿತ್ತು.

ಬೆಳಗಿನ ಸದ್ದಿಗೆ ಕಾರಣ ಆ ರಬ್ಬರೇ. ಎಂಜಿನ್ ನಿಂತ ಮೇಲೆ ಫಿಲ್ಟರಿನ ಆಯಿಲ್ ವಾಪಸ್ ಕೆಳಗೆ ಇಳಿಯದಂತೆ ತಡೆಯುವುದು ಅದರ ಕೆಲಸ. ಫಿಲ್ಟರ್ ಅಡ್ಡಡ್ಡ ಇಲ್ಲವೇ ತಲೆಕೆಳಗಾಗಿ ಕೂರುವ ಎಂಜಿನ್‌ಗಳಲ್ಲಿ ಇದು ಸರಿಯಿಲ್ಲದಿದ್ದರೆ ರಾತ್ರಿಯಿಡೀ ಆಯಿಲ್ ಇಳಿದುಹೋಗುತ್ತದೆ. ಬೆಳಗ್ಗೆ ಪಂಪು ಮೊದಲು ಖಾಲಿ ಫಿಲ್ಟರ್ ತುಂಬಿಸಬೇಕು, ಆಮೇಲೆ ಎಂಜಿನ್ನಿಗೆ ಆಯಿಲ್. ಅಲ್ಲಿಯವರೆಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ. ಫಿಲ್ಟರ್ ಬದಲಿಸಿದ ಮೇಲೆ ಮೇಷ್ಟ್ರ ಗಾಡಿಯ ಸದ್ದು ನಿಂತಿತು.

ಒಳಗೆ ಇನ್ನೊಂದು ಸ್ಪ್ರಿಂಗ್ ವಾಲ್ವ್ ಇರುತ್ತದೆ, ಬೈಪಾಸ್ ಅನ್ನುತ್ತಾರೆ. ಫಿಲ್ಟರ್ ಕಟ್ಟಿಕೊಂಡರೆ, ಅಥವಾ ಚಳಿಯಲ್ಲಿ ಆಯಿಲ್ ಗಟ್ಟಿಯಾಗಿದ್ದರೆ ಅದು ತೆರೆದು ಆಯಿಲನ್ನು ಸೋಸದೆಯೇ ಬಿಡುತ್ತದೆ. ಆಯಿಲ್ಲೇ ಬರದಿರುವುದಕ್ಕಿಂತ ಸೋಸದ ಆಯಿಲ್ ವಾಸಿ ಅನ್ನುವ ಲೆಕ್ಕ. ಎಷ್ಟು ಒತ್ತಡಕ್ಕೆ ಅದು ತೆರೆಯಬೇಕು ಎಂದು ಎಂಜಿನ್ ಮಾಡಿದವರು ಗೊತ್ತು ಮಾಡಿರುತ್ತಾರೆ. ಒಳ್ಳೆಯ ಹೆಸರಿನ ಹೊರಗಿನ ಕಂಪನಿಗಳು ಇದನ್ನು ನೋಡಿಕೊಂಡೇ ಗಾಡಿವಾರು ನಂಬರ್ ಪಟ್ಟಿ ಕೊಡುತ್ತವೆ. ನಕಲಿ ಮಾಡುವವನಿಗೆ ಅದರ ಗೊಡವೆಯೇ ಇಲ್ಲ, ಹೊರಗಿನ ಡಬ್ಬ ಒಂದೇ ಥರ ಕಂಡರೆ ಆಯಿತು.

‘ಕೂರುತ್ತಲ್ಲ, ಹಾಕ್ಬಿಡಿ’ ಅನ್ನುವ ಮಾತನ್ನೂ ನಂಬಬೇಡಿ. ಟೊಯೊಟಾದ ಬಹಳಷ್ಟು ಸಣ್ಣ ಪೆಟ್ರೋಲ್ ಎಂಜಿನ್‌ಗಳ ಫಿಲ್ಟರ್ ಥ್ರೆಡ್, ಅಂದರೆ ತಿರುಗಿಸಿ ಕೂರಿಸುವ ಮರೆ, ಮುಕ್ಕಾಲು ಇಂಚು, ಇಂಚಿಗೆ 16 ಸುತ್ತು. ಹೋಂಡಾ ಕಾರುಗಳದ್ದು 20 ಮಿಲಿಮೀಟರ್, ಸುತ್ತಿನಿಂದ ಸುತ್ತಿಗೆ ಒಂದೂವರೆ ಮಿಲಿಮೀಟರ್ ಅಂತರ. ಮುಕ್ಕಾಲು ಇಂಚು ಅಂದರೆ 19 ಮಿಲಿಮೀಟರ್ ಚಿಲ್ಲರೆ. ವ್ಯತ್ಯಾಸ ಇಷ್ಟೇ ಆದ್ದರಿಂದ ಹೋಂಡಾದ್ದು ಟೊಯೊಟಾಗೆ ತಿರುಗಿಸಿದರೆ ಲೊಡಲೊಡ ಅಂದುಕೊಂಡೇ ಹತ್ತುತ್ತದೆ, ಬಿಗಿಯಾದಂತೆಯೂ ಕಾಣುತ್ತದೆ. ಘಾಟಿಯಲ್ಲಿ ಆಯಿಲ್ ಪ್ರೆಷರ್ ಏರಿದಾಗ ಅದು ಕಿತ್ತುಕೊಂಡರೆ ಗಾಡಿಯವನಿಗೆ ಗೊತ್ತಾಗುವ ಹೊತ್ತಿಗೆ ಆಯಿಲೆಲ್ಲ ರಸ್ತೆ ಮೇಲೆ. ಕಣ್ಣಳತೆ ಬೇಡ, ಪಾರ್ಟ್ ನಂಬರ್ ನೋಡಿ.

ಹಾಗಾದರೆ ಯಾವುದು ಕೊಳ್ಳಬೇಕು ಎಂದು ಕೇಳಿದರೆ, ನಾನು ಕೌಂಟರಿನಲ್ಲಿ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ. ಇನ್ನೋವಾದಂಥ ಟರ್ಬೊ ಡೀಸೆಲ್ ಇದ್ದರೆ ಕಂಪನಿಯದ್ದೇ ಹಾಕಿಸಿ. ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಚಕ್ರ. ಅದರ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಮೇಲೆ ಸುತ್ತು ತಿರುಗುತ್ತದೆ, ಅದಕ್ಕೆ ಆಧಾರ ತೆಳ್ಳನೆಯ ಆಯಿಲ್ ಪದರವೊಂದೇ. ಅಲ್ಲಿ ನೂರು ರೂಪಾಯಿ ಉಳಿಸುವುದರಲ್ಲಿ ಅರ್ಥವಿಲ್ಲ. ಊರೊಳಗೆ ಓಡುವ ಪೆಟ್ರೋಲ್ ಗಾಡಿಗೆ ಹೆಸರಿರುವ ಹೊರಗಿನ ಫಿಲ್ಟರ್ ಧಾರಾಳವಾಗಿ ಸಾಕು. ಪ್ರತಿ ಸಲ ಆಯಿಲ್ ಜೊತೆಗೇ ಫಿಲ್ಟರನ್ನೂ ಬದಲಿಸಬೇಕು ಅಷ್ಟೆ. ಕಂಪನಿ ಫಿಲ್ಟರ್ ಹಾಕಿಸಿ ‘ಒಳ್ಳೇದು ಹಾಕಿದೀನಿ’ ಎಂದು ಎರಡು ಸರ್ವಿಸ್ ಓಡಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದಕ್ಕಿಂತ ಹೊರಗಿನದ್ದನ್ನು ಸರಿಯಾದ ಹೊತ್ತಿಗೆ ಬದಲಿಸುವವರ ಎಂಜಿನ್ನೇ ಜಾಸ್ತಿ ಬಾಳುತ್ತದೆ.

ಹಾಕುವ ಕೈ ಕೂಡ ಮುಖ್ಯ. ಹಳೆಯ ಫಿಲ್ಟರಿನ ರಬ್ಬರ್ ರಿಂಗ್ ಎಷ್ಟೋ ಸಲ ಎಂಜಿನ್ನಿಗೆ ಅಂಟಿಕೊಂಡೇ ಉಳಿಯುತ್ತದೆ. ಹುಡುಗರು ನೋಡದೆ ಅದರ ಮೇಲೆಯೇ ಹೊಸದನ್ನು ಏರಿಸುತ್ತಾರೆ. ಒಂದರ ಮೇಲೊಂದು ರಿಂಗ್ ಕೂತರೆ ಸೋರದೆ ಇರುವುದಿಲ್ಲ. ಮೊದಲು ಬಟ್ಟೆಯಲ್ಲಿ ಆ ಜಾಗ ಒರೆಸಬೇಕು, ಹೊಸ ರಿಂಗಿಗೆ ಬೆರಳಲ್ಲಿ ಒಂಚೂರು ಆಯಿಲ್ ಸವರಬೇಕು. ಸಾಮಾನ್ಯವಾಗಿ ರಿಂಗ್ ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಬಿಗಿದರೆ ಸಾಕು. ಪಾನಾ ಹಾಕಿ ಕಚ್ಚಿಸಿದರೆ ರಿಂಗ್ ನುಜ್ಜಾಗುತ್ತದೆ, ಮುಂದಿನ ಸಲ ಬಿಚ್ಚಲೂ ಬರುವುದಿಲ್ಲ. ಆಮೇಲೆ ಸೋರಿದರೆ ಬೈಗುಳ ಫಿಲ್ಟರಿಗೆ.

ವಾರಂಟಿ ಭಯದ ಬಗ್ಗೆ ಒಂದು ಮಾತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡಬಾರದು, ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೂ ಸಿಗುವಂತೆ ಮಾಡಬೇಕು ಎಂದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಆದೇಶ ಮಾಡಿ, 2,544 ಕೋಟಿ ರೂಪಾಯಿಗೂ ಮೇಲೆ ದಂಡ ಹಾಕಿತ್ತು. ಆಮೇಲೆ ಅದು ಕೋರ್ಟ್ ಮೆಟ್ಟಿಲೇರಿತು. ವಾರಂಟಿ ಇರುವಷ್ಟು ದಿನ ಕಂಪನಿ ಸರ್ವಿಸ್ ಸೆಂಟರಿಗೇ ಹೋಗಿ ಎಂದು ನಾನೇ ಹೇಳುತ್ತೇನೆ, ಸುಮ್ನೆ ತಕರಾರು ಯಾಕೆ. ಮುಗಿದ ಮೇಲೆ ಆಯ್ಕೆ ನಿಮ್ಮದು.

ಈಗ ನಾನು ಕೇಳಿಕೊಳ್ಳಬೇಕಾದ್ದು. ಎಷ್ಟೋ ಗ್ಯಾರೇಜುಗಳ ಬಿಲ್ಲಿನಲ್ಲಿ ‘ಆಯಿಲ್ ಫಿಲ್ಟರ್ – 1’ ಎಂದಷ್ಟೇ ಇರುತ್ತದೆ. ಯಾರದ್ದು, ಯಾವ ನಂಬರ್, ಏನೂ ಇಲ್ಲ. ನಾಳೆ ಎಂಜಿನ್ ಕೆಟ್ಟರೆ ಏನನ್ನು ತೋರಿಸಿ ಕೇಳುತ್ತೀರಿ? ತಯಾರಕರ ಹೆಸರು ಮತ್ತು ಪಾರ್ಟ್ ನಂಬರ್ ಬರೆದ ಬಿಲ್ಲನ್ನೇ ಕೇಳಿ. ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ತಿಂಗಳು-ವರ್ಷ, ಎಂಆರ್‌ಪಿ ಇರಲೇಬೇಕು, ಅದು ಕಾನೂನು. ಡಬ್ಬಿಯಿಲ್ಲದೆ ಬಿಡಿಯಾಗಿ ಕೊಟ್ಟರೆ ತಗೊಳ್ಳಬೇಡಿ. ಬಿಲ್ ಕೊಡುವುದಿಲ್ಲ ಅಂದರೆ, ಅನುಮಾನ ಬಂದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಇನ್ನೊಬ್ಬರ ಟ್ರೇಡ್‌ಮಾರ್ಕ್ ಹಾಕಿ ನಕಲಿ ಮಾರಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಎಂದು 1999ರ ಕಾಯ್ದೆಯಲ್ಲಿದೆ. ಆದರೆ ತೂಕ ಮತ್ತು ಅಳತೆ ಇಲಾಖೆಯವರು ಸಂತೆಯ ತಕ್ಕಡಿ ನೋಡುವಷ್ಟು ಸ್ಪೇರ್ ಪಾರ್ಟ್ಸ್ ಅಂಗಡಿಗಳ ಡಬ್ಬಿ ನೋಡಿದ್ದನ್ನು ನಾನು ಕಂಡಿಲ್ಲ. ದಯವಿಟ್ಟು ಬರಲಿ. ನನ್ನ ಅಂಗಡಿಯಿಂದಲೇ ಶುರು ಮಾಡಲಿ.

ಖಾಲಿ ಡಬ್ಬಿಗೂ ಗಿರಾಕಿಗಳಿದ್ದಾರೆ ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಗುಜರಿಯವರು ನನ್ನನ್ನೇ ಕೇಳಿದ್ದಾರೆ, ‘ಹರಿಯದೆ ನೀಟಾಗಿರೋ ಕಂಪನಿ ಡಬ್ಬಿ ಇದ್ರೆ ಕೊಡಿ ಸಾರ್, ಜಾಸ್ತಿ ರೇಟ್ ಹಾಕ್ತೀವಿ’ ಅಂತ. ರದ್ದಿಗೆ ಯಾರಾದರೂ ನೀಟಾಗಿರುವುದನ್ನು ಹುಡುಕುತ್ತಾರಾ? ಅದಕ್ಕೇ ಸರ್ವಿಸ್ ಮಾಡಿಸುವಾಗ ಹತ್ತಿರ ನಿಂತುಕೊಳ್ಳಿ. ಹೊಸ ಡಬ್ಬಿಯನ್ನು ನಿಮ್ಮೆದುರೇ ಒಡೆಸಿ, ನಂಬರಿನ ಫೋಟೊ ತೆಗೆದುಕೊಳ್ಳಿ. ಆಮೇಲೆ ಆ ಡಬ್ಬಿಯನ್ನು ನಿಮ್ಮ ಕೈಯಾರೆ ನಾಲ್ಕು ಚೂರು ಮಾಡಿ ಬಿಸಾಡಿ.

ಇತಿ,
ಸ್ಪೇರ್ ಪಾರ್ಟ್ಸ್ ವ್ಯಾಪಾರಿ, ಬಿ.ಎಂ. ರಸ್ತೆ, ಹಾಸನ