ಮಂಡಿಪೇಟೆಯ ನಮ್ಮ ಮಾಳಿಗೆ ನಿಂತಿದೆ, ನಿಲ್ಲಿಸಿದವರಿಗೆ ನಮಸ್ಕಾರ

ಎಲ್ಲರಿಗೂ ನಮಸ್ಕಾರ. ಕಳೆದ ಶುಕ್ರವಾರ ಪೂಜೆ ಮುಗಿಸಿ, ದಾವಣಗೆರೆ ಮಂಡಿಪೇಟೆಯ ನಮ್ಮ ಅಜ್ಜನ ಕಾಲದ ಕಟ್ಟಡದ ಬಾಗಿಲು ಮತ್ತೆ ತೆರೆದೆವು. ಬಂದು ಹರಸಿದವರಿಗೂ, ಬರಲಾಗದೆ ಫೋನ್ ಮಾಡಿದವರಿಗೂ ಮನೆಯವರೆಲ್ಲರ ಪರವಾಗಿ ಕೈಮುಗಿಯುತ್ತೇನೆ. ಕೆಡವಿ ಕಾಂಪ್ಲೆಕ್ಸ್ ಕಟ್ಟಿಸಿ ಎಂದು ಬುದ್ಧಿ ಹೇಳಿದವರೂ ಬಂದು ಹೋಳಿಗೆ ಊಟ ಮಾಡಿ ಹೋದರು. ಅದೂ ಸಂತೋಷವೇ. ಈ ರಿಪೇರಿಗೆ ಯಾಕೆ ಇಳಿದೆವು, ಸಾಲ ಎಷ್ಟಾಯಿತು, ನಡುವೆ ಕೆಲಸ ಯಾಕೆ ನಿಂತಿತ್ತು, ಅಪ್ಪನಿಗೆ ಏನಾಯಿತು ಎಂಬುದೆಲ್ಲ ಇದನ್ನು ಓದುವ ಬಹುತೇಕರಿಗೆ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ. ಯಾರ ಋಣ ನಮ್ಮ ಮೇಲಿದೆ ಎಂದು ಹೇಳಿಕೊಳ್ಳಬೇಕು, ಅಷ್ಟೇ.

ನಕ್ಷೆ ನೋಡಿ ಒಂದು ರೂಪಾಯಿ ಫೀಸು ತೆಗೆದುಕೊಳ್ಳದೆ ತೊಲೆಗಳ ಲೆಕ್ಕ ಹಾಕಿಕೊಟ್ಟ ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರಿಗೆ, ಸಾಲದ ಕಾಗದಪತ್ರ ತಾವೇ ಕೂತು ತುಂಬಿಸಿದ ಬ್ಯಾಂಕಿನ ಮ್ಯಾನೇಜರ್‌ಗೆ, ಕೆಲಸಗಾರರಿಗೆಲ್ಲ ಮಧ್ಯಾಹ್ನದ ಬುತ್ತಿ ತಪ್ಪಿಸದ ನಮ್ಮ ಅತ್ತಿಗೆಗೆ, ಸಾಮಾನು ಇಳಿಸಲು ತಮ್ಮ ಅಂಗಡಿ ಮುಂದಿನ ಜಾಗ ಬಿಟ್ಟುಕೊಟ್ಟ ಎದುರಿನ ಪಾತ್ರೆ ಅಂಗಡಿಯವರಿಗೆ, ಹಳೇ ಬಾಗಿಲುಗಳ ಬಣ್ಣ ಕೆರೆದು ಒಳಗಿನ ಸಾಗವಾನಿ ತೋರಿಸಿಕೊಟ್ಟ ಬಡಿಗೇರ ಅಣ್ಣತಮ್ಮಂದಿರಿಗೆ ಮನಸಾರೆ ಕೃತಜ್ಞತೆ.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದಲ್ಲಿ ಕಟ್ಟಿಸಿದ ಅಡತಿ ಅಂಗಡಿ ಅದು. ಕೆಳಗೆ ಹತ್ತಿಯ ಅಂಡಿಗೆಗಳು, ಮಾಳಿಗೆಯ ಮೇಲೆ ಗಾಡಿ ಕಟ್ಟಿಕೊಂಡು ಬಂದ ರೈತರು ರಾತ್ರಿ ತಂಗುವ ಕೋಣೆ. ಹೈದರ್ ಅಲಿ ಈ ಊರನ್ನು ಆಪೋಜಿ ರಾಮ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ, ಅವನು ವ್ಯಾಪಾರಸ್ಥರನ್ನು ಕರೆಸಿ ನೆಲೆ ಕೊಟ್ಟ, ಅಲ್ಲಿಂದ ಪೇಟೆ ಬೆಳೆಯಿತು ಎಂದು ಅಜ್ಜ ಹೇಳುತ್ತಿದ್ದರು. ಆಮೇಲೆ ಮಿಲ್ಲುಗಳು ಬಂದವು. ಆಮೇಲೆ ಒಂದೊಂದಾಗಿ ಬಾಗಿಲು ಹಾಕಿದವು. ಡಿಸಿಎಂ, ಅಂದರೆ ದಾವಣಗೆರೆ ಕಾಟನ್ ಮಿಲ್ಸ್, ಎಂಬ ಹೆಸರು ಈಗಿನ ಹುಡುಗರಿಗೆ ಒಂದು ಟೌನ್‌ಶಿಪ್, ಅಷ್ಟೇ. ಸುತ್ತಲಿನ ಹೊಲಗಳಿಗೆ ಮೆಕ್ಕೆಜೋಳ ಬಂತು, ಭದ್ರಾ ನಾಲೆ ಹರಿದ ಕಡೆ ಭತ್ತ ಬಂತು. ಊರು ಮಾತ್ರ ಕೈಚೆಲ್ಲಲಿಲ್ಲ. 1965ರಲ್ಲಿ ಶುರುವಾದ ಜೆಜೆಎಂ ಮೆಡಿಕಲ್ ಕಾಲೇಜು, ಅದರ ಬೆನ್ನಿಗೆ ಬಂದ ಕಾಲೇಜುಗಳು, ಓದಲು ಬಂದ ಮಕ್ಕಳು ಊರನ್ನು ಹಿಡಿದೆತ್ತಿದರು. 1997ರಲ್ಲಿ ಜಿಲ್ಲೆಯಾಯಿತು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲಿ ನಮ್ಮೂರಿನ ಹೆಸರೂ ಇತ್ತು.

ಆದರೆ ಬೆಳೆದದ್ದೆಲ್ಲ ಹೊರಕ್ಕೆ, ವಿದ್ಯಾನಗರದ ಕಡೆ, ಎಂಸಿಸಿ ಬ್ಲಾಕಿನ ಕಡೆ. ಹಳೇ ಪೇಟೆಗೆ ಮತ್ತೆ ಬೆಲೆ ಬಂದಾಗ ನಮ್ಮ ಬೀದಿಗೆ ಮೊದಲು ಬಂದದ್ದು ಜೆಸಿಬಿ. ಕೆಡವದೆ ಉಳಿಸಿದವರೂ ರಿಪೇರಿ ಅಂದರೆ ಮುಂದುಗಡೆ ಎಸಿಪಿ ಎಂಬ ಹೊಳೆಯುವ ಅಲ್ಯುಮಿನಿಯಂ ಶೀಟು ಹೊಡೆಸುವುದು ಎಂದುಕೊಂಡಿದ್ದಾರೆ. ಅದರ ಹಿಂದೆ ತೊಲೆ ಕೊಳೆಯುತ್ತಿದ್ದರೆ ಯಾರಿಗೂ ಕಾಣುವುದಿಲ್ಲ. ಇದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಮ್ಮ ಗೋಡೆಯಲ್ಲೂ ಅದೇ ಆಗಿತ್ತು. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ಮಳೆಗಾಲದಲ್ಲಿ ಹೀರಿದ ನೀರನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಯಾವ ಕಾಲದಲ್ಲೋ ಸಿಮೆಂಟ್ ಪ್ಲಾಸ್ಟರ್ ಬಳಿದಿದ್ದರು. ನೀರು ಒಳಗೇ ಉಳಿದು ಇಟ್ಟಿಗೆ ಪುಡಿಯಾಗಿತ್ತು, ಗೋಡೆಯೊಳಗೆ ಕೂತಿದ್ದ ತೊಲೆಯ ತುದಿ ಮೆತ್ತಗಾಗಿತ್ತು. ಇದನ್ನು ಮೊದಲ ದಿನವೇ ಗುರುತಿಸಿದವರು ಮೇಸ್ತ್ರಿ ಕಾಕ. ಸ್ಕ್ರೂಡ್ರೈವರ್ ತೆಗೆದುಕೊಂಡು ತೊಲೆಯ ತುದಿಗೆ ಒತ್ತಿದರು. ಬೆರಳುದ್ದ ಒಳಗೆ ಹೋಯಿತು.

ಈ ಬರಹದ ಮುಕ್ಕಾಲು ಪಾಲು ಅವರದೇ. ಹೆಸರು ಹಾಕಬೇಡ ಎಂದು ಕಟ್ಟುನಿಟ್ಟಾಗಿ ಹೇಳಿದ್ದಾರೆ. “ನನ್ನ ಹೆಸರು ಹಾಕಿದ್ರೆ ಜತಿಗಿದ್ದ ಹುಡುಗ್ರ ಹೆಸರೂ ಹಾಕ್ಬೇಕು, ಕಲ್ಲು ಹೊತ್ತೋರ ಹೆಸರೂ ಹಾಕ್ಬೇಕು, ನಿನ್ ಕಾಗ್ದ ಸಾಲಲ್ಲ” ಅಂದರು. ಅದಕ್ಕೇ ಕಾಕ ಎಂದಷ್ಟೇ ಬರೆಯುತ್ತೇನೆ. ಮಿಲ್ಲಿನಲ್ಲಿ ಫಿಟರ್ ಆಗಿದ್ದವರು, ಮಿಲ್ಲು ಮುಚ್ಚಿದ ಮೇಲೆ ಸೆಂಟ್ರಿಂಗ್ ಕೆಲಸಕ್ಕೆ ಇಳಿದು ಮೇಸ್ತ್ರಿಯಾದವರು.

ಮೇ ತಿಂಗಳ ಆ ಮಳೆ ಪೇಟೆಯವರಿಗೆಲ್ಲ ನೆನಪಿರುತ್ತದೆ. ಪಕ್ಕದ ಜಾಗದವರು ಬೇಸ್‌ಮೆಂಟಿಗೆಂದು ನಮ್ಮ ಗೋಡೆಯ ಬುಡದವರೆಗೂ ಗುಂಡಿ ತೋಡಿಸಿ, ತಡೆ ಕಟ್ಟದೆ ಬಿಟ್ಟಿದ್ದರು. ಸಂಜೆ ಸುರಿಯಲು ಶುರುವಾದದ್ದು ನಿಲ್ಲಲೇ ಇಲ್ಲ. ರಾತ್ರಿ ಊಟದ ಹೊತ್ತಿಗೆ ಗುಂಡಿ ತುಂಬಿತು. ಮೆಟ್ಟಿಲ ಪಕ್ಕದಿಂದ ಕಿಟಕಿಯ ಮೂಲೆವರೆಗೆ ಗೋಡೆ ಬಿರುಕು ಬಿಟ್ಟಿತು. ನಾನು ಫೋನ್ ಮಾಡಿದವರಲ್ಲಿ ಕೆಲವರು ಬೆಳಗ್ಗೆ ನೋಡೋಣ ಅಂದರು, ಕೆಲವರು ಎತ್ತಲಿಲ್ಲ. ಅವರನ್ನು ದೂರುವುದಿಲ್ಲ, ಅಂಥ ಮಳೆಯಲ್ಲಿ ಯಾರು ಬರುತ್ತಾರೆ. ಕಾಕ ನಿಟುವಳ್ಳಿಯಿಂದ ಟಿವಿಎಸ್ ಗಾಡಿಯಲ್ಲಿ, ತಲೆಗೆ ಗೊಬ್ಬರದ ಚೀಲ ಕಟ್ಟಿಕೊಂಡು ಬಂದರು. ಹಿಂದೆಯೇ ಅವರ ಇಬ್ಬರು ಹುಡುಗರು ಲಗೇಜ್ ಆಟೋದಲ್ಲಿ ಸರ್ವೆ ಕಂಬ, ಜಾಕಿ, ಹಲಗೆ ತಂದರು.

ಬಂದವರೇ ಮೊದಲು ಕೇಳಿದ್ದು, “ಯವ್ವಾ, ಮೇಲೆ ಯಾರೂ ಇಲ್ಲ ಹೌದಿಲ್ಲೋ? ನೀನೂ ಹೊರಗ್ ಬಂದು ನಿಂತ್ಕ.” ಆಮೇಲೆ ಒಳಗೆ ಹೋಗಿ ಹುಡುಗರಿಗೂ ಮಾತಾಡಬೇಡಿ ಎಂದು ಸನ್ನೆ ಮಾಡಿ, ಕಿವಿಗೊಟ್ಟು ನಿಂತರು. ತೊಲೆ ಕಿರ್ ಕಿರ್ ಅನ್ನುತ್ತಿತ್ತು. ನನಗೆ ಜೀವ ಬಾಯಿಗೆ ಬಂದಿತ್ತು. ಅವರು ಸಮಾಧಾನದಲ್ಲೇ ಹೇಳಿದರು: “ಹೆದರ್ಬ್ಯಾಡ. ಮರ ಸದ್ದು ಮಾಡ್ತೈತಿ ಅಂದ್ರೆ ಇನ್ನೂ ಟೈಮ್ ಐತಿ. ಸದ್ದಿಲ್ದಂಗೆ ಬೀಳೋದು ಕಲ್ಲು.”

ನೆಲಕ್ಕೆ ಅಡ್ಡಲಾಗಿ ಹಲಗೆ ಹಾಸಿ, ಭಾರ ಒಂದೇ ಕಡೆ ಬೀಳದಂತೆ ಮಾಡಿ, ತೊಲೆಯ ಕೆಳಗೆ ಕಂಬ ನಿಲ್ಲಿಸಿ, ತಲೆಗೆ ಬೆಣೆ ಬಡಿದರು. ಜೋರಾಗಿ ಬಡಿಯಲು ಬಿಡಲಿಲ್ಲ. ತೊಲೆಯನ್ನು ಎತ್ತುವ ಆಸೆ ಬೇಡ, ಇದ್ದಲ್ಲೇ ಹಿಡಿದುಕೊಂಡರೆ ಸಾಕು, ಎತ್ತಲು ಹೋದರೆ ಮೇಲಿನ ಗಾರೆ ಒಡೆಯುತ್ತದೆ ಎಂದು ಹುಡುಗರಿಗೆ ವಿವರಿಸುತ್ತಲೇ ಕೆಲಸ ಮಾಡಿಸಿದರು. ಅಷ್ಟು ಹೊತ್ತಿಗೆ ಪಾತ್ರೆ ಅಂಗಡಿಯವರ ಭಾವಮೈದುನ ಹಳ್ಳಿಯಿಂದ ಡೀಸೆಲ್ ಪಂಪು ಹೇರಿಕೊಂಡು ಬಂದಿದ್ದರು. ಗುಂಡಿಯ ನೀರು ಹೊರಗೆ ಹೋಗತೊಡಗಿತು.

ಆಮೇಲೆ ಕಾಕ ಮಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಒಡೆದ ಫೋಟೋ ಫ್ರೇಮೊಂದಿತ್ತು. ಅದರ ಗಾಜನ್ನು ಉದ್ದುದ್ದ ಪಟ್ಟಿಗಳಾಗಿ ಕುಯ್ದು, ಬಿರುಕಿನ ಮೇಲೆ ಅಡ್ಡಲಾಗಿ, ಎರಡೂ ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ ಅಂಟಿಸಿದರು. ಪಕ್ಕದಲ್ಲಿ ಪೆನ್ಸಿಲಿನಿಂದ ಗಂಟೆ ಬರೆದರು. ಗೋಡೆ ಕೂದಲಿನಷ್ಟು ಸರಿದರೂ ಗಾಜು ಒಡೆಯುತ್ತದೆ, ಒಡೆಯದಿದ್ದರೆ ಗೋಡೆ ನಿಂತಿದೆ ಎಂದು ಲೆಕ್ಕ. ಸಾಲಾಗಿ ಐದು ಪಟ್ಟಿ. ಬೆಳಗಿನವರೆಗೂ ಟಾರ್ಚ್ ಹಿಡಿದು ಕೆಳಗಿನಿಂದ ಮೇಲಕ್ಕೆ ಒಂದೊಂದನ್ನೇ ನೋಡುತ್ತ ಓಡಾಡಿದರು. ಒಂದು ಪಟ್ಟಿ ಒಡೆಯಿತು. ಆಗ ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವರು ಏನೂ ಹೇಳದೆ ಅಲ್ಲಿಗೆ ಇನ್ನೊಂದು ಕಂಬ ಕೊಡಿಸಿದರು, ಹೊಸ ಪಟ್ಟಿ ಅಂಟಿಸಿದರು, ಹೊಸ ಗಂಟೆ ಬರೆದರು.

ನಡುರಾತ್ರಿ ಮೀರಿದ ಮೇಲೆ ಮಳೆ ಸ್ವಲ್ಪ ಇಳಿಯಿತು. ಜಗಲಿ ಮೇಲೆ ಕೂತು ಚಹಾ ಕುಡಿಯುವಾಗ ಮಿಲ್ಲಿನ ಮಾತು ಬಂತು. ರಾತ್ರಿಪಾಳಿಯಲ್ಲಿ ಅಷ್ಟೂ ಯಂತ್ರಗಳ ಸದ್ದಿನೊಳಗೆ ಯಾವ ಬೇರಿಂಗ್ ಹೋಗುತ್ತಿದೆ ಎಂದು ಕಿವಿಯಲ್ಲೇ ಹಿಡಿಯುತ್ತಿದ್ದರಂತೆ. “ಮಿಲ್ಲು ಬಂದಾದಾಗ ನಾವು ಮೂರು ಜನ ಫಿಟರ್ಸು ಒಂದೇ ಸೈಕಲ್ ಶಾಪಿಗೆ ಕೆಲಸ ಕೇಳಾಕ ಹೋಗಿದ್ವಿ. ಅವನಿಗೆ ಪಂಕ್ಚರ್ ಹಾಕೋನು ಒಬ್ಬ ಬೇಕಾಗಿತ್ತು. ನಾವು ಒಬ್ರ ಮುಖ ಒಬ್ರು ನೋಡ್ಕಂಡು ವಾಪಸ್ ಬಂದ್ವಿ.” ಇಷ್ಟು ಹೇಳಿ ಎದ್ದು ಗಾಜು ನೋಡಲು ಹೋದರು.

ಅಪ್ಪ ಆಗ ಆಸ್ಪತ್ರೆಯಲ್ಲಿದ್ದರು. ನನ್ನ ಕೈಯಲ್ಲಿ ಇನ್ನು ಆಗುವುದಿಲ್ಲ, ಬೆಳಗಾದರೆ ಯಾರಿಗಾದರೂ ಮಾರಿಬಿಡುತ್ತೇನೆ ಎಂದು ನಾನು ಅತ್ತುಬಿಟ್ಟೆ. ಕಾಕ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ಮಾರೋದಾದ್ರೂ ನಿಂತಿರೋದ್ನ ಮಾರು. ಬಿದ್ದಿದ್ನ ಮಾರ್ಬ್ಯಾಡ” ಅಂದರು.

ಬೆಳಿಗ್ಗೆ ಉಳಿದ ಗಾಜೆಲ್ಲ ಹಾಗೇ ಇತ್ತು.

ಕೂಲಿ ಲೆಕ್ಕ ಮಾಡುವಾಗ ತಮ್ಮ ಹುಡುಗರಿಗೆ ಹೆಚ್ಚು ಕೇಳಿ ಪಡೆದರು. ಮಿಲ್ಲಿನಲ್ಲೂ ರಾತ್ರಿಪಾಳಿಗೆ ಬೇರೆ ಲೆಕ್ಕ ಇತ್ತು ಎಂದರು. ಹಾಗೆ ಕೇಳಿದ್ದು ನನಗೆ ತುಂಬ ಹಿಡಿಸಿತು. ಕೆಲಸ ಬಲ್ಲವರಿಗೆ ಧನ್ಯವಾದ ಹೇಳಿ ಕೂಲಿ ಕಡಿಮೆ ಕೊಡುವ ಅಭ್ಯಾಸ ನಮ್ಮ ಪೇಟೆಯಲ್ಲಿ ಹಳೆಯದು.

ಅಲ್ಲಿಂದ ನೇರ ಆಸ್ಪತ್ರೆಗೆ ಹೋದರು. ಅಪ್ಪನ ಮಂಚದ ಪಕ್ಕ ನಿಂತು, “ಸಾವ್ಕಾರ್ರೇ, ತೊಲಿ ಕೂತ್ಕಂಡೈತಿ” ಎಂದರು. ಅಪ್ಪ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಕೈಮುಗಿಯಲು ನೋಡಿದರು. ಒಂದು ಕೈಗೆ ಡ್ರಿಪ್ ಹಾಕಿತ್ತು, ಇನ್ನೊಂದನ್ನಷ್ಟೇ ಎತ್ತಿದರು.

ಇಲ್ಲಿಗೆ ಬಂದು ಬರೆಯುವುದನ್ನು ನಿಲ್ಲಿಸಿ ಎದ್ದು ಹೋಗಿದ್ದೆ. ಶುಕ್ರವಾರ ಬಾಗಿಲು ತೆರೆದಾಗ ಅಪ್ಪ ಇರಲಿಲ್ಲ. ಎಲ್ಲರೂ ಮೇಲಿಂದ ನೋಡ್ತಿರ್ತಾರೆ ಅಂದರು. ನನಗೆ ಅಪ್ಪ ಗಲ್ಲಾದ ಹಿಂದೆ ಕೂತು ನೋಡಬೇಕಿತ್ತು. ಅಷ್ಟೇ ಬೇಕಿತ್ತು. ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಗೊತ್ತಾಗುವುದಿಲ್ಲ.

ಇರಲಿ. ಹೇಳಬೇಕಾದವರು ಇನ್ನೂ ಇದ್ದಾರೆ. ಕೊಳೆತ ತುದಿಯನ್ನು ಕತ್ತರಿಸಿ ಹಳೇ ಸಾಗವಾನಿಯದೇ ತುಂಡು ಜೋಡಿಸಿ ಬೋಲ್ಟ್ ಹಾಕಿದ ಮೇಲೆ, ಮೇಲಿನ ಮದ್ರಾಸ್ ತಾರಸಿಯನ್ನು, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣ ಹಾಕಿ ಮಾಡುವ ಹಳೇ ಕಾಲದ ಛಾವಣಿಯನ್ನು, ಮತ್ತೆ ಗಾರೆಯಲ್ಲೇ ಮಾಡಿಸಬೇಕೆಂದು ಕಾಕ ಹಟ ಹಿಡಿದರು. ಆ ಕೆಲಸ ಬಲ್ಲವರು ಸಿಗುವುದೇ ಕಷ್ಟ. ಕೊನೆಗೆ ಹಳೇ ದಾವಣಗೆರೆಯಿಂದ ಬಂದ ಹೆಂಗಸರ ಗುಂಪು ಅದನ್ನು ಮಾಡಿತು. ಸುಣ್ಣ, ಇಟ್ಟಿಗೆ ಜೆಲ್ಲಿ ಹರಡಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ, ಸಾಲಾಗಿ ಕೂತು ಮರದ ಹಲಗೆಯಲ್ಲಿ ದಿನಗಟ್ಟಲೆ ಬಡಿದರು. ಸಾಕೋ ಇನ್ನೂ ಬೇಕೋ ಎಂದು ಹೇಳುವ ಅಧಿಕಾರ ಅವರಲ್ಲಿ ಹಿರಿಯರಾದ ಅಜ್ಜಿಯೊಬ್ಬರಿಗೆ ಮಾತ್ರ ಇತ್ತು. ಬಡಿದ ಹಲಗೆ ಪುಟಿದು ಕೈಗೆ ವಾಪಸ್ ಬರಬೇಕು. ಕೆಸರಿಗೆ ಬಡಿದಂತೆ ಕೂತುಬಿಟ್ಟರೆ ಇನ್ನೂ ಆಗಿಲ್ಲ ಎಂದರ್ಥ. ಅಜ್ಜಿ ನನ್ನ ಕೈಗೂ ಹಲಗೆ ಕೊಟ್ಟು ಬಡಿಸಿ ತೋರಿಸಿದರು. ಅಮ್ಮಾ, ನಿಮ್ಮ ಗುಂಪಿಗೆ ನನ್ನ ಸಾಷ್ಟಾಂಗ ನಮಸ್ಕಾರ. ಕಳೆದ ವಾರ ಸುರಿದ ಮಳೆಗೆ ಮೇಲಿಂದ ಒಂದು ಹನಿಯೂ ಇಳಿದಿಲ್ಲ.

ಕೆಳಗೆ ತಮ್ಮನ ಬಟ್ಟೆ ಅಂಗಡಿ ಶುರುವಾಗಿದೆ. ರೈತರು ತಂಗುತ್ತಿದ್ದ ಮೇಲಿನ ಕೋಣೆ ಇನ್ನು ಮೇಲೆ ಓದುವ ಕೋಣೆ. ಪಿಡಿಒ, ಪೊಲೀಸ್, ಕೆಪಿಎಸ್‌ಸಿ ಪರೀಕ್ಷೆಗೆ ಓದುವ ಹಳ್ಳಿ ಮಕ್ಕಳಿಗೆ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ತೆರೆದಿರುತ್ತದೆ, ಫೀಸು ಇಲ್ಲ. ಚಪ್ಪಲಿ ಕೆಳಗೆ ಬಿಟ್ಟು ಬನ್ನಿ. ಮೆಟ್ಟಿಲ ಪಕ್ಕದ ಗೋಡೆಗೆ ಅಂಟಿಸಿದ ಗಾಜಿನ ಪಟ್ಟಿಗಳನ್ನು ಮುಟ್ಟಬೇಡಿ. ಪಕ್ಕದ ಕಟ್ಟಡ ಏಳುವವರೆಗೂ ಅವು ಇರಬೇಕಂತೆ, ಜೋರು ಮಳೆಯಾದ ಮಾರನೇ ದಿನ ಕಾಕ ಬಂದು ನೋಡಿಹೋಗುತ್ತಾರೆ.

ಚೌಕಿಪೇಟೆಯಲ್ಲಿ, ಕಾಳಿಕಾದೇವಿ ರಸ್ತೆಯಲ್ಲಿ ಇಂಥ ಹಳೇ ಮಾಳಿಗೆ ಇಟ್ಟುಕೊಂಡು ಏನು ಮಾಡುವುದೆಂದು ತೋಚದೆ ಕೂತವರು ಇದನ್ನು ಓದುತ್ತಿದ್ದರೆ, ಜೆಸಿಬಿಯವರಿಗೆ ಅಡ್ವಾನ್ಸ್ ಕೊಡುವ ಮೊದಲು ನಮ್ಮ ಅಂಗಡಿಗೆ ಬನ್ನಿ. ಕಾಕನಿಗೂ ಅವರ ಹುಡುಗರಿಗೂ ಈ ತಿಂಗಳ ಕೊನೆಯಿಂದ ಕೆಲಸ ಬಿಡುವಿದೆ. ಅವರನ್ನು ಕರೆಸಿ ಗೋಡೆ ತೋರಿಸೋಣ. ರಾತ್ರಿ ಕೆಲಸ ಇದ್ದರೆ ಕೂಲಿ ಬೇರೆ.